ಹಾಲೇಶಪ್ಪ ಮಾವನ ಕೀಲೆಣ್ಣೆ

ಗೊಟ್ಟದ ಬಾಯಿಗೆ ತುರುಕಿದ್ದ ಬಟ್ಟೆ ಹಳೆಯ ಸೀರೆಯೊಂದರ ಅಂಚು. ಹಸಿರು, ನಡುವೆ ಒಂದು ಹಳದಿ ಗೆರೆ. ಎಣ್ಣೆ ಕುಡಿದು ಕುಡಿದು ಹಸಿರು ಪೂರ್ತಿ ಕಪ್ಪಾಗಿತ್ತು. ಹಳದಿ ಗೆರೆ ಮಾತ್ರ ಅಲ್ಲಲ್ಲಿ ಕಾಣುತ್ತಿತ್ತು.

ಗೊಟ್ಟವೆಂದರೆ ಗೇಣುದ್ದದ ಬಿದಿರಿನ ಕೊಳವೆ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನು ಅದರಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಹಾಲೇಶಪ್ಪ ಮಾವ ಅದನ್ನು ತಮ್ಮ ಮೋಟಾರ್ ಸೈಕಲ್ಲಿಗೆ ಕಟ್ಟಿದ್ದರು, ಹಿಂದೆ, ನಂಬರ್ ಪ್ಲೇಟಿನ ಪಕ್ಕದಲ್ಲಿ, ಚರ್ಮದ ದಾರದಿಂದ. ಅವರು ಹೊನ್ನಾಳಿಯ ಪೇಟೆ ಬೀದಿಯಲ್ಲಿ ಬರುವಾಗ ಗೊಟ್ಟ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಜನ ನಗುತ್ತಿದ್ದರು. ಅವರು ಯಾರ ಕಡೆಗೂ ತಿರುಗಿ ನೋಡುತ್ತಿರಲಿಲ್ಲ.

ಅವರು ನಮ್ಮ ಬಳಗದವರಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದಕ್ಕೆ ಅವರು ಮಾವ, ಅವರ ಹೆಂಡತಿ ಗೌರಮ್ಮ ಅತ್ತೆ. ಒಬ್ಬನೇ ಮಗ ಚಂದ್ರು, ನನಗಿಂತ ಸ್ವಲ್ಪ ದೊಡ್ಡವನು. ಮಾವನದು ಸಂತೆ ವ್ಯಾಪಾರ. ಹಗ್ಗ, ಮೂಗುದಾರ, ಬಾರುಕೋಲು, ಎತ್ತಿನ ಕೊರಳಿನ ಗೆಜ್ಜೆಪಟ್ಟಿ. ಮೊದಲೆಲ್ಲ ನ್ಯಾಮತಿ, ಚನ್ನಗಿರಿ ಸಂತೆಗಳಿಗೆ ಗಾಡಿ ಹೂಡಿಕೊಂಡು ಹೋಗುತ್ತಿದ್ದರಂತೆ. ಎತ್ತುಗಳಿಗೆ ವಯಸ್ಸಾದಾಗ ಅವನ್ನು ಕೆರೆಬಿಳಚಿಯ ನೆಂಟರ ಹೊಲಕ್ಕೆ ಬಿಟ್ಟು, ಯಾರೋ ಓಡಿಸಿ ಬಿಟ್ಟಿದ್ದ ಮೋಟಾರ್ ಸೈಕಲ್ ಒಂದನ್ನು ತಂದರು. ಎಪ್ಪತ್ತರ ದಶಕದ ನಡುವಿನ ಮಾತು. ಆಮೇಲೆ ಜಗಳೂರಿನವರೆಗೂ ಹೋಗಿಬರತೊಡಗಿದರು. ಹಗ್ಗದ ಸಿಂಬಿಗಳನ್ನು ಹೇರಿಕೊಂಡು, ಗೆಜ್ಜೆ ಸದ್ದು ಮಾಡುತ್ತಾ ಗಾಡಿ ಬೀದಿಯ ತುದಿಗೆ ಬರುವಾಗಲೇ ನಮ್ಮ ಅಡುಗೆಮನೆಗೆ ಗೊತ್ತಾಗುತ್ತಿತ್ತು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಾವ ಆ ಪದ್ಧತಿಯನ್ನು ಮೋಟಾರ್ ಸೈಕಲ್ಲಿಗೂ ನಡೆಸಿದರು. ಸೋಮವಾರ ಅದು ಹಿತ್ತಿಲಿನ ಕೊಟ್ಟಿಗೆಯಲ್ಲಿ ನಿಲ್ಲಬೇಕು. ಮೊದಲು ಅದರ ಮೈ ತೊಳೆಯುವುದು, ಹೆಡ್‌ಲೈಟಿನ ಮೇಲೆ ಮೂರು ಬೆರಳು ವಿಭೂತಿ ಎಳೆಯುವುದು, ಆಮೇಲೆ ಚೈನು ಬಿಚ್ಚುವುದು. ಚೈನನ್ನು ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆಗೆ ಹಾಕಿ ತೆಂಗಿನ ನಾರಿನಿಂದ ಕೊಂಡಿ ಕೊಂಡಿಯನ್ನೂ ಉಜ್ಜುತ್ತಿದ್ದರು. ಗೋಡೆಯ ಗೂಟಕ್ಕೆ ನೇತುಹಾಕಿ ಒಣಗಿಸಿ ಒರೆಸುತ್ತಿದ್ದರು. ಕೊನೆಗೆ ಕೀಲೆಣ್ಣೆ. ಅದನ್ನು ಅವರೇ ತಯಾರಿಸುತ್ತಿದ್ದರು. ಹುಲ್ಲು ಸುಟ್ಟ ಕರಿಯನ್ನು ನುಣ್ಣಗೆ ಅರೆದು ಹರಳೆಣ್ಣೆಯಲ್ಲಿ ಕಲಸುವುದು. ಮಸಿಯಂಥ ಆ ಮಂದ ಎಣ್ಣೆಯನ್ನು ಬೆರಳಿನಿಂದ ಚೈನಿನ ಉದ್ದಕ್ಕೂ ಸವರುತ್ತಿದ್ದರು, ದನದ ಗಾಯಕ್ಕೆ ಔಷಧಿ ಹಚ್ಚುವವರ ಹಾಗೆ.

ನಾನು ಗೋಡೆಯ ಮೋಟು ಭಾಗದ ಮೇಲೆ ಕೂತು ನೋಡುತ್ತಿದ್ದೆ. ನಾನೂ ಮಾತಾಡುತ್ತಿರಲಿಲ್ಲ, ಅವರೂ ಮಾತಾಡುತ್ತಿರಲಿಲ್ಲ. ಇಬ್ಬರಿಗೂ ಅದು ಹೊಂದುತ್ತಿತ್ತು. ಚೈನನ್ನು ಮತ್ತೆ ಹಲ್ಲುಚಕ್ರಕ್ಕೆ ಕೂರಿಸಿ ಎರಡು ತುದಿಗಳನ್ನು ಕೂಡಿಸುವಾಗ ಮಾತ್ರ ನನ್ನನ್ನು ಹತ್ತಿರ ಕರೆಯುತ್ತಿದ್ದರು. ಕೂಡುಕೊಂಡಿಯಲ್ಲಿ ಎರಡು ಪಿನ್ನುಗಳಿರುತ್ತವೆ. ಅವನ್ನು ಎರಡೂ ತುದಿಗಳಿಗೆ ತೂರಿಸಿ, ಮೇಲೊಂದು ಪಟ್ಟಿ ಇಟ್ಟು, ಪಿನ್ನಿನ ತಲೆಯ ಸುತ್ತಲಿನ ಸಣ್ಣ ಗೀರಿಗೆ ಒಂದು ಲಾಕು ಸಿಕ್ಕಿಸಬೇಕು. ಉಗುರಿನಷ್ಟು ದೊಡ್ಡದು.

"ನೋಡವ್ವ, ಇದು ಮೀನಿದ್ದಂಗೆ," ಎನ್ನುತ್ತಿದ್ದರು. "ಗಾಡಿ ಹೋಗೋ ಕಡೆ ತಲೆ, ಹಿಂದೆ ಬಾಲ. ತಿರುವು ಮುರುವು ಹಾಕಿದ್ಯೋ, ಅರ್ಧ ಕೂರಿಸಿದ್ಯೋ, ದಾರೀಲಿ ಉದುರಿ ಹೋಗ್ತೈತೆ. ಅದು ಉದುರಿದ ಮ್ಯಾಲೆ ಚೈನು ಎಷ್ಟು ಗಟ್ಟಿ ಇದ್ರೆ ಏನು?"

ಹೇಳಿ, ಉಗುರಿನಿಂದ ಲಾಕನ್ನು ತಳ್ಳಿ ನೋಡುತ್ತಿದ್ದರು. ಮತ್ತೊಮ್ಮೆ ತಳ್ಳಿ ನೋಡುತ್ತಿದ್ದರು.

ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟಿದ್ದ ಮೆಕ್ಯಾನಿಕ್ಕಿಗೆ ಅವರ ಎಣ್ಣೆ ಕಂಡರೆ ಆಗುತ್ತಿರಲಿಲ್ಲ. ಇದು ಚೈನು, ಬಂಡಿ ಅಚ್ಚಲ್ಲ, ಈ ಮಸಿಗೆ ದಾರಿಯ ಧೂಳೆಲ್ಲ ಅಂಟಿಕೊಂಡು ಒಳಗೊಳಗೇ ಅರೆಯುತ್ತದೆ, ತೆಳ್ಳಗಿನ ಎಣ್ಣೆ ಹಾಕ್ರಿ ಎಂದು ಅವನು ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಮಾವನ ಉತ್ತರ ಒಂದೇ. "ನಿನ್ನ ಎಣ್ಣೆ ನ್ಯಾಮತಿ ಮುಟ್ಟೋದ್ರಾಗೆ ಹಾರಿ ನನ್ನ ಪಂಚೆ ಮ್ಯಾಲೆ ಬಿದ್ದಿರ್ತೈತೆ. ಇದು ಕಚ್ಚಿಕೊಂಡು ಕುಂತಿರ್ತೈತೆ."

"ಕಚ್ಚಿಕೊಂಡು ಕುಂತಿರೋದೇ ರಗಳೆ ಕಣ್ರಿ ಯಜಮಾನ್ರೇ," ಎಂದು ಅವನು ನಗುತ್ತಿದ್ದ.

ನನ್ನ ಪಿಯುಸಿ ಪ್ರಾಯೋಗಿಕ ಪರೀಕ್ಷೆ ಒಂದು ಸೋಮವಾರ ದಾವಣಗೆರೆಯಲ್ಲಿತ್ತು. ಬೆಳಗಿನ ಬಸ್ಸು ಬರಲಿಲ್ಲ. ಅಪ್ಪ ಸ್ಕೂಲು ಮೇಷ್ಟರು, ಯಾರ ಹತ್ತಿರವೂ ಏನನ್ನೂ ಕೇಳದವರು. ಅವತ್ತು ಹೋಗಿ ಮಾವನನ್ನು ಕೇಳಿದರು. ಮಾವ ಕೊಟ್ಟಿಗೆಯ ಕಡೆ ನೋಡಿ, "ಬೇಕಾದ್ರೆ ನನ್ನ ಹೆಗಲ ಮ್ಯಾಲೆ ನೊಗ ಇಡ್ರಿ ಮೇಷ್ಟ್ರೇ, ಅದಕ್ಕೆ ಇವತ್ತು ಬ್ಯಾಡ," ಎಂದರು. ಒಳಗಿನಿಂದ ಗೌರಮ್ಮತ್ತೆ, ಎತ್ತು ಬಿಟ್ಟುಬಂದರೂ ಅದರ ಬುದ್ಧಿ ಮಾತ್ರ ತಮ್ಮ ಗಂಡ ಮನೆಯಲ್ಲೇ ಇಟ್ಟುಕೊಂಡಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ಅಂದರು. ಮಾವ ನನ್ನ ಚೀಲ ತೆಗೆದುಕೊಂಡು ನಡೆದೇ ಬಿಟ್ಟರು. ಪೇಟೆಯ ಹೊರಗೆ ಅಕ್ಕಿ ಮೂಟೆಯ ಲಾರಿಯೊಂದನ್ನು ನಿಲ್ಲಿಸಿ, ನನ್ನನ್ನು ಡ್ರೈವರಿನ ಪಕ್ಕ ಕೂರಿಸಿ, ತಾವು ಮೂಟೆಗಳ ಮೇಲೆ ಹತ್ತಿದರು. ಪರೀಕ್ಷೆ ಮುಗಿಯುವವರೆಗೂ ಕಾಲೇಜಿನ ಗೇಟಿನ ಹೊರಗೆ ಕೂತಿದ್ದರು. ಸಂಜೆ ಬಸ್ಸಿನಲ್ಲಿ ಬರುವಾಗ ಪರೀಕ್ಷೆ ಹೇಗಾಯಿತು ಎಂದೂ ಕೇಳಲಿಲ್ಲ. ಆ ದಿನ ನನಗೆ ಅವರ ಮೇಲೆ ಸಿಟ್ಟೂ ಇತ್ತು. ಮನೆಯಲ್ಲಿ ಗಾಡಿ ಇಟ್ಟುಕೊಂಡು ಮೂಟೆಯ ಮೇಲೆ ಬಂದ ಮನುಷ್ಯನನ್ನು ಏನೆಂದು ತಿಳಿಯಬೇಕೋ ಗೊತ್ತಾಗಿರಲಿಲ್ಲ.

ಚಂದ್ರು ಸತ್ತದ್ದೂ ಸೋಮವಾರ. ನಾನು ಆಗ ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಆಮೇಲೆ ಮನೆಯಲ್ಲಿ ತುಂಡು ತುಂಡಾಗಿ ಕೇಳಿದ್ದು ಇಷ್ಟು. ಚಂದ್ರುವಿಗೆ ಚನ್ನಗಿರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕುವ ಆಸೆ. ಒಂದು ಮಳಿಗೆ ಖಾಲಿಯಾಗಿತ್ತು. ಸೋಮವಾರ ಮಧ್ಯಾಹ್ನದೊಳಗೆ ಬಂದು ನೋಡದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಅದರ ಮಾಲೀಕರು ಹೇಳಿಕಳಿಸಿದ್ದರು. ಚೈನು ತೊಳೆದು ಎಣ್ಣೆ ಹಚ್ಚಿ ಗೂಟದಲ್ಲಿತ್ತು. ಮಾವ ಗುಡಿಗೆ ಹೋಗಿದ್ದರು. ಅವರು ಬರುವುದರೊಳಗೆ ಚಂದ್ರು ತಾನೇ ಚೈನು ಹಾಕಿಕೊಂಡು ಹೊರಟಿದ್ದ. ಚನ್ನಗಿರಿ ಇನ್ನೂ ದೂರ ಇರುವಾಗ ಚೈನು ಕಳಚಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಚಕ್ರ ನಿಂತುಬಿಟ್ಟಿತು. ಅವನು ರಸ್ತೆಯ ಮೋರಿ ಕಟ್ಟೆಗೆ ಬಿದ್ದ. ಆಸ್ಪತ್ರೆಗೆ ಒಯ್ಯುವ ಪ್ರಶ್ನೆಯೇ ಇರಲಿಲ್ಲ ಎಂದು ಅಪ್ಪ ಹೇಳಿದರು.

ಗಾಡಿಯನ್ನು ಲಾರಿಯಲ್ಲಿ ಹಾಕಿ ತಂದ ದಿನ ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ಕು ನೋಡಲು ಬಂದಿದ್ದ. ಚಕ್ರದಿಂದ ಬಿಡಿಸಿದ ಚೈನು ಮಸಿ, ಮಣ್ಣು, ಕಲ್ಲುಪುಡಿ ಮೆತ್ತಿಕೊಂಡು ಮುದ್ದೆಯಾಗಿತ್ತಂತೆ. ಬಾಗಿಲಲ್ಲಿ ಹೆಂಗಸರು ಇರುವುದನ್ನು ಅವನು ನೋಡಲಿಲ್ಲ. ಈ ಎಣ್ಣೆ ಚೈನನ್ನು ತಿಂದು ಹಾಕಿತ್ತು, ಹೇಳಿದ್ದೆ, ಕೇಳಲಿಲ್ಲ ಎಂದು ಪಕ್ಕದವನಿಗೆ ಅಂದ. ಗೌರಮ್ಮತ್ತೆಗೆ ಅದು ಕೇಳಿಸಿತು.

ಅವತ್ತಿನಿಂದ ಅವರು ಗಂಡನ ಮುಖ ನೋಡಿ ಮಾತಾಡಲಿಲ್ಲ. ಬೈಯುವುದು ಮಾತ್ರ ಬಿಡಲಿಲ್ಲ. ರಜೆಗೆ ಬಂದಾಗ ನಡುಗೋಡೆಯ ಈಚೆ ಕೂತು ನಾನೇ ಕೇಳಿದ್ದೇನೆ. ಪಾತ್ರೆಗೆ ಹೇಳುವಂತೆ, ಒಲೆಗೆ ಹೇಳುವಂತೆ, ದನಿ ಏರಿಸದೆ ಹೇಳುತ್ತಿದ್ದರು. "ಎಣ್ಣೆ ಹಚ್ಚಿದ್ನಂತೆ ಎಣ್ಣೆ. ನನ್ನ ಮಗನ್ನ ನುಂಗೋ ಎಣ್ಣೆ. ಊರೆಲ್ಲ ಬ್ಯಾಡ ಅಂದ್ರೂ ಹಚ್ಚಿದ ಮಹರಾಯ." ಆಚೆ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ತಟ್ಟೆ ಇಡುವ ಸದ್ದು. ಅವರು ಅನ್ನ ಬಡಿಸುತ್ತಿದ್ದರು, ಮಾವ ಉಣ್ಣುತ್ತಿದ್ದರು.

ಮೋಟಾರ್ ಸೈಕಲ್ಲು ಕೊಟ್ಟಿಗೆಯಲ್ಲಿ ಗೋಣಿಚೀಲದ ಕೆಳಗೆ ನಿಂತಿತು. ಮಾವ ಸಂತೆಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದರು. ಆಮೇಲೆ ಬರೀ ನ್ಯಾಮತಿಗೆ. ಆಮೇಲೆ ಅದೂ ಇಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಜಗಳೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಒಂದು ದಸರಾ ರಜೆಗೆ ಊರಿಗೆ ಬಂದಿದ್ದೆ. ಗೌರಮ್ಮತ್ತೆ ತ್ಯಾವಣಿಗೆಯ ತಂಗಿಯ ಮನೆಗೆ ಹೋಗಿದ್ದರು. ಬೆಳಿಗ್ಗೆ ಮಾವ ನಮ್ಮ ಜಗಲಿಗೆ ಬಂದು ನಿಂತರು. ನನ್ನ ಮುಖ ನೋಡುತ್ತಿದ್ದರೋ ಪಕ್ಕದ ಕಂಬ ನೋಡುತ್ತಿದ್ದರೋ ತಿಳಿಯಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಪೂರ್ತಿ ಮುಚ್ಚಾಕೆ ಮುಂಚೆ ಒಂದು ನೋಡೋದು ಐತೆ," ಎಂದರು. "ನನಗೊಬ್ಬನಿಗೆ ಕಾಣಂಗಿಲ್ಲ. ಬಾರವ್ವ."

ಕೊಟ್ಟಿಗೆಯಲ್ಲಿ ತಗಡಿನ ತಟ್ಟೆ ಇತ್ತು. ಅದರಲ್ಲಿ ಆ ಚೈನು. ಹಿಂದಿನ ದಿನವೇ ಸೀಮೆಎಣ್ಣೆಗೆ ಹಾಕಿದ್ದರಂತೆ. ಮುದ್ದೆಯಾಗಿ ಸೆಟೆದುಕೊಂಡಿತ್ತು, ಒಂದು ಕೊಂಡಿಯೂ ಬಾಗುತ್ತಿರಲಿಲ್ಲ. ಮೇಲೆ ಕೆಂಪು ತುಕ್ಕು, ತುಕ್ಕಿನ ಸಂದಿನಲ್ಲಿ ಕಲ್ಲಾಗಿದ್ದ ಕಪ್ಪು. ಎರಡು ತುದಿಗಳು ಎಲ್ಲಿವೆ ಎಂಬುದೇ ಕಾಣುತ್ತಿರಲಿಲ್ಲ.

ಅವರು ಏನು ನೋಡಬೇಕೆಂದಿದ್ದಾರೆ ಎಂಬುದನ್ನು ನೇರವಾಗಿ ಹೇಳಿದರು. "ಚೈನು ಸವೆದು ಹರಿದಿದ್ರೆ ನನ್ನ ಎಣ್ಣೆ. ಲಾಕು ಬಿಚ್ಚಿದ್ರೆ ಅವನ ಕೈ. ಇಷ್ಟೇ ನೋಡೋದು."

ನನ್ನ ಮಟ್ಟಿಗೆ ಅದು ಬೇಡವಾಗಿತ್ತು. ಈಗ ನೋಡಿ ಏನಾಗಬೇಕು ಮಾವ ಎಂದು ಕೇಳಿದೆ.

"ಹರಿದಿರ್ಲಿ ಅಂತ ಬೇಡ್ಕೊಂಡು ಅದೀನಿ," ಎಂದರು. "ನನ್ನ ತಪ್ಪು ನನಗಾದ್ರೆ ನನಗೆ ಹಗುರ. ಹುಡುಗ ಪಾಪ, ಅವನ ಕೈಯಿಂದ ಅವನೇ ಸತ್ತ ಅಂತ ಆಗಬಾರದು."

ಕೆಲಸ ಶುರುವಾಯಿತು. ನಾರು ಸಾಲಲಿಲ್ಲ; ತಂತಿ ಬ್ರಷ್ಷು ತಂದಿಟ್ಟಿದ್ದರು. ಅವರು ಉಜ್ಜಿದರು, ನಾನು ಚೈನನ್ನು ಹಿಡಿದುಕೊಂಡೆ. ತುಕ್ಕು ಪುಡಿಪುಡಿಯಾಗಿ ಸೀಮೆಎಣ್ಣೆಗೆ ಬಿದ್ದು ತಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅದನ್ನು ಚೆಲ್ಲಿ ಬೇರೆ ಹಾಕಿದೆವು. ಕೊಂಡಿಯೊಂದನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಅತ್ತ ಇತ್ತ ಬಾಗಿಸುವುದು, ಬಾಗದಿದ್ದರೆ ಮತ್ತೆ ನೆನೆಸುವುದು. ಬಾಗಿದಾಗಲೆಲ್ಲ ಒಳಗಿನಿಂದ ಮರಳು ಬೆರೆತ ಕಪ್ಪು ಕೆಸರು ಹೊರಬರುತ್ತಿತ್ತು. ಮೆಕ್ಯಾನಿಕ್ಕು ಹೇಳಿದ್ದು ಸುಳ್ಳಾಗಿರಲಿಲ್ಲ. ಪಿನ್ನುಗಳು ಸವೆದಿದ್ದವು, ಕೊಂಡಿಗಳು ಸಡಿಲವಾಗಿದ್ದವು. ಒಂದೊಂದು ಕೊಂಡಿ ಬಿಡಿಸಿಕೊಂಡಾಗಲೂ ಮಾವ, "ಸವೆದೈತೆ ಅಲ್ವಾ?" ಎಂದು ಕೇಳುತ್ತಿದ್ದರು. ಸವೆದಿದೆ ಎನ್ನುತ್ತಿದ್ದೆ. ಅವರ ಮುಖದಲ್ಲಿ ಸಮಾಧಾನದಂಥದು ಏನೋ ಕಾಣುತ್ತಿತ್ತು. ಅದನ್ನು ನೋಡುವುದು ಕಷ್ಟವಾಗಿತ್ತು.

ಬಿಸಿಲು ಕೊಟ್ಟಿಗೆಯ ಒಳಕ್ಕೆ ಬರುವ ಹೊತ್ತಿಗೆ ತುದಿಗಳು ಸಿಕ್ಕವು. ನಾನು ಬಾಗಿಲಿನ ಬೆಳಕಿಗೆ ಹಿಡಿದೆ. ಒಂದು ತುದಿ ಇಡಿಯಾಗಿತ್ತು. ಎಲ್ಲೂ ಸೀಳಿರಲಿಲ್ಲ, ಹಿಗ್ಗಿರಲಿಲ್ಲ. ಇನ್ನೊಂದು ತುದಿಯಲ್ಲಿ ಕೂಡುಕೊಂಡಿ ತುಕ್ಕು ಕಚ್ಚಿ ಹಾಗೇ ಉಳಿದಿತ್ತು. ಅದರ ಎರಡು ಪಿನ್ನುಗಳೂ ನೆಟ್ಟಗೆ ನಿಂತಿದ್ದವು. ಮೇಲಿನ ಪಟ್ಟಿ ಇರಲಿಲ್ಲ, ಲಾಕು ಇರಲಿಲ್ಲ. ಲಾಕು ಕೂರುವ ಗೀರು ಎರಡೂ ಪಿನ್ನಿನಲ್ಲಿ ಉಗುರಿಗೆ ತಗಲುವಷ್ಟು ಚೆನ್ನಾಗಿತ್ತು. ಲಾಕನ್ನು ತಿರುಗಿಸಿ ಹಾಕಿದ್ದನೋ, ಅರ್ಧ ಕೂರಿಸಿದ್ದನೋ, ಅದನ್ನು ಚೈನು ಹೇಳುವುದಿಲ್ಲ. ಹರಿದಿರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ.

ಸುಳ್ಳು ಹೇಳಬಹುದಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಆದರೆ ಅವರು ಕೈ ಚಾಚಿ ತುದಿಯನ್ನು ತೆಗೆದುಕೊಂಡರು. ಹೆಬ್ಬೆರಳಿನ ಉಗುರನ್ನು ಪಿನ್ನಿನ ಮೇಲೆ ಎಳೆದರು. ಗೀರಿಗೆ ಉಗುರು ಸಿಕ್ಕಿ ನಿಂತಿತು. ಇನ್ನೊಂದು ಪಿನ್ನಿನ ಮೇಲೂ ಎಳೆದರು.

"ಹರಿದಿಲ್ಲ," ಎಂದರು.

"ಇಲ್ಲ ಮಾವ."

ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಮೂಲೆಗೆ ಹೋಗಿ, ಒಂದು ಹಿಡಿ ಹುಲ್ಲು ತಂದು ಅಂಗಳದಲ್ಲಿ ಸುಟ್ಟರು. ಕರಿಯನ್ನು ಕಲ್ಲಿನ ಮೇಲೆ ಅರೆದರು. ಹರಳೆಣ್ಣೆ ಎಲ್ಲಿದೆ ಎಂದು ನನ್ನನ್ನು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಕಲಸಿ ತಂದು, ಅಷ್ಟು ಹೊತ್ತು ಉಜ್ಜಿ ಬೆಳ್ಳಗೆ ಮಾಡಿದ್ದ ಚೈನಿನ ಮೇಲೆ ಬೆರಳಿನಿಂದ ಮೆತ್ತತೊಡಗಿದರು. ಹಿಂದಿನಂತೆ ಸವರಲಿಲ್ಲ, ಬಳಿದರು. ಪಿನ್ನುಗಳೂ ಗೀರುಗಳೂ ತುದಿಯೂ ಮುಚ್ಚಿಹೋಗುವಂತೆ ಬಳಿದರು. ಆಮೇಲೆ ತಟ್ಟೆಯ ತಳದಲ್ಲಿದ್ದ ತುಕ್ಕಿನ ಕೆಸರನ್ನು ಬೊಗಸೆಯಲ್ಲಿ ತೆಗೆದು ಅದರ ಮೇಲೆ ಹಚ್ಚಿದರು.

"ಅವಳಿಗೆ ಎಣ್ಣೆ ಅಂತಾನೇ ಇರ್ಲಿ," ಎಂದರು.

ನಾನು ಏನೋ ಹೇಳಲು ಹೋದೆ. ನಿಜ ತಿಳಿದರೆ ಅತ್ತೆ ನಿಮ್ಮೊಂದಿಗೆ ಮಾತಾಡಿಯಾರು ಎಂದಿರಬೇಕು.

"ಅವನು ಸತ್ತಾನೆ. ಬೈಸ್ಕೊಳ್ಳಾಕೆ ನಾನು ಅದೀನಲ್ಲ," ಎಂದರು. "ಅವಳಿಗೆ ಯಾರನ್ನಾದ್ರೂ ಬೈಬೇಕು. ಮಗನ್ನ ಬೈದು ಬದುಕಾಕೆ ಆಗ್ತೈತಾ? ನೀನು ಯಾರ ಹತ್ರಾನೂ ಅನ್ನಬ್ಯಾಡ."

ಆಗಲಿ ಎಂದೆ. ಅವರು ಚೈನನ್ನು ಗೋಣಿಯಲ್ಲಿ ಸುತ್ತಿ ಗೂಟಕ್ಕೆ ಹಾಕಿದರು. ನನ್ನ ಕೈ ನೋಡಿ, ಅಲ್ಲ, ನನ್ನ ಕೈ ಇರುವ ಕಡೆ ನೋಡಿ, ಸೋಪಿಗೆ ಹೋಗಲ್ಲ, ಮೊದಲು ಬೂದಿ ಹಾಕಿ ತಿಕ್ಕು ಎಂದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅವತ್ತು.

ಮುಂದಿನ ಮಳೆಗಾಲದಲ್ಲಿ ಅವರು ಹೋದರು. ನೋವಿಲ್ಲ, ಆಸ್ಪತ್ರೆಯಿಲ್ಲ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಸುದ್ದಿ ಮುಟ್ಟಿ ನಾನು ಜಗಳೂರಿನಿಂದ ಬರುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಪಕ್ಕದ ಮನೆಯಲ್ಲಿ ಹೆಂಗಸರು ತುಂಬಿದ್ದರು. ಗೌರಮ್ಮತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣಲ್ಲಿ ನೀರಿರಲಿಲ್ಲ. ಯಾರೋ ಒಬ್ಬರು, ಮಾತು ಬಿಟ್ಟವರಿಗೆ ಅಳು ಎಲ್ಲಿಂದ ಬರಬೇಕು ಎಂದು ಪಿಸುಗುಟ್ಟಿದರು. ಅತ್ತೆಗೆ ಅದೂ ಕೇಳಿಸಿತು. ನನ್ನನ್ನು ನೋಡಿ ಹತ್ತಿರ ಕೂರಿಸಿಕೊಂಡರು. ಪಾತ್ರೆಗೆ ಹೇಳುತ್ತಿದ್ದ ಅದೇ ದನಿಯಲ್ಲಿ, ನನಗೊಬ್ಬಳಿಗೆ ಕೇಳುವಂತೆ ಹೇಳಿದರು. "ದಿನಾ ಬೈದೆ. ಒಂದು ದಿನಾನೂ ತಿರುಗಿ ಅನ್ನಲಿಲ್ಲ. ಅನ್ನಾಕೆ ಅವನಿಗೆ ಏನೂ ಇರಲಿಲ್ಲ, ತಪ್ಪು ಮಾಡಿದೋನು, ಹೋದ. ಇನ್ನ ಯಾರ್ನ ಬೈಲವ್ವ ನಾನು?"

ನಾನು ಅವರ ಕೈ ಹಿಡಿದುಕೊಂಡೆ.

ಮಾವ ನನ್ನಿಂದ ಮಾತು ತೆಗೆದುಕೊಂಡದ್ದಕ್ಕೆ ಒಂದು ಕಾರಣ ಕೊಟ್ಟಿದ್ದರು. ಆ ಕಾರಣವನ್ನೂ ಅವರ ಜೊತೆ ಮಣ್ಣು ಮಾಡಿದ್ದರು. ಆದರೂ ಹೇಳುವುದು ಸರಿಯೆಂದು ನನಗೆ ಖಂಡಿತವಾಗಿರಲಿಲ್ಲ. ಹೇಳಿದರೆ ಗಂಡ ಸಿಗುತ್ತಾನೆ, ಮಗ ಇನ್ನೊಮ್ಮೆ ಹೋಗುತ್ತಾನೆ. ಹೇಳದಿದ್ದರೆ, ತಪ್ಪು ಮಾಡಿದವನು ಹೋದ ಎಂಬುದೇ ಆ ಮನೆಯಲ್ಲಿ ಮಾವನ ಕುರಿತು ಉಳಿಯುವ ಕೊನೆಯ ಮಾತು.

ಮರುದಿನ ಬೆಳಿಗ್ಗೆ ನೆಂಟರು ಏಳುವ ಮೊದಲು ಹಾಲಿನ ಚೊಂಬು ಹಿಡಿದು ಹಿತ್ತಿಲ ಬಾಗಿಲಿನಿಂದ ಹೋದೆ. ಗೌರಮ್ಮತ್ತೆ ಒಲೆಯ ಮುಂದೆ ಒಬ್ಬರೇ ಇದ್ದರು. ಬೆಂಕಿ ಹಚ್ಚಿರಲಿಲ್ಲ. ಅವರ ಎದುರು ಕೂತು, ಚೈನಿನಲ್ಲಿ ನೋಡಿದ್ದನ್ನಷ್ಟೇ ನೋಡಿದ ಕ್ರಮದಲ್ಲಿಯೇ ಹೇಳಿದೆ. ಎಣ್ಣೆ ಚೈನನ್ನು ಸವೆಸಿತ್ತು, ಆದರೆ ಹರಿದಿರಲಿಲ್ಲ; ಪಿನ್ನು ಎರಡೂ ನೆಟ್ಟಗಿದ್ದವು; ಲಾಕು ಬಿಚ್ಚಿಹೋಗಿತ್ತು. ಲಾಕು ಹಾಕಿದ್ದು ಯಾರು ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಅವರು ಒಲೆಯೊಳಗಿನ ಬೂದಿಯನ್ನು ಕಡ್ಡಿಯಿಂದ ಒಂದು ಕಡೆಗೆ ಸರಿಸಿದರು. ಮತ್ತೆ ಇನ್ನೊಂದು ಕಡೆಗೆ ಸರಿಸಿದರು.

"ಅವರಿಗೆ ಗೊತ್ತಿತ್ತಾ?" ಎಂದು ಕೇಳಿದರು. ಗಂಡನನ್ನು ಅವರು ಹಾಗೆ ಬಹುವಚನದಲ್ಲಿ ಕರೆದು ಎಷ್ಟೋ ಕಾಲವಾಗಿತ್ತು.

ಗೊತ್ತಿತ್ತು ಎಂದೆ.